ಅಮೆರಿಕದಲ್ಲಿ ‘ಲಿಬರಲ್’ ಅಂದರೆ ಯಾರು?

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾನೆ. ಅಲ್ಲಿನ ಪೌರತ್ವ ಸಿಕ್ಕಿದೆ, ವೋಟೂ ಹಾಕುತ್ತಾನೆ. ಫೋನಿನಲ್ಲಿ ರಾಜಕೀಯದ ಮಾತು ಬಂದರೆ ‘ನಾನು ಲಿಬರಲ್ ಅಪ್ಪಾ’ ಅನ್ನುತ್ತಾನೆ. ನನ್ನ ವಾಕಿಂಗ್ ಗೆಳೆಯರು ‘ಲಿಬರಲ್ ಅಂದ್ರೆ ಕಮ್ಯುನಿಸ್ಟು, ದೇವರು ದಿಂಡರು ಇಲ್ಲದವರು’ ಅನ್ನುತ್ತಾರೆ. ಆದರೆ ಇವನು ಷೇರು ಕೊಳ್ಳುತ್ತಾನೆ, ಲಿವರ್‌ಮೋರ್‌ನ ದೇವಸ್ಥಾನಕ್ಕೂ ಹೋಗುತ್ತಾನೆ. ನಮ್ಮ 1991ರ ಉದಾರೀಕರಣಕ್ಕೂ ಇದಕ್ಕೂ ಸಂಬಂಧ ಇದೆಯಾ? ಅಲ್ಲಿ ಲಿಬರಲ್ ಅಂದರೆ ನಿಜಕ್ಕೂ ಏನು?
(ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ಉದಾರೀಕರಣದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗೊಂದಲದ ಗಂಟು ಇರುವುದು ಅಲ್ಲೇ.

1991ರಲ್ಲಿ ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ. ಕಾರ್ಖಾನೆ ಹಾಕಲು ಬೇಕಿದ್ದ ಲೈಸೆನ್ಸುಗಳು ಬಹುಪಾಲು ಹೋದವು. ಆಮದು ಸುಂಕ ಇಳಿಯಿತು. ಸರ್ಕಾರ ವ್ಯಾಪಾರದಿಂದ ಸ್ವಲ್ಪ ದೂರ ಸರಿಯಿತು. ಅದಕ್ಕೆ ನಾವು ಉದಾರೀಕರಣ ಎಂದೆವು. ಆ ಲೆಕ್ಕದಲ್ಲಿ ಲಿಬರಲ್ ಅಂದರೆ ‘ಸರ್ಕಾರ ಕೈ ತೆಗೆಯಲಿ’ ಅನ್ನುವವನು. ನಿಮ್ಮ ಮಗ ಹೇಳುತ್ತಿರುವ ಲಿಬರಲ್ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಕಂಪನಿಗಳ ಮೇಲೆ, ಬ್ಯಾಂಕುಗಳ ಮೇಲೆ, ವಿಮೆಯ ವ್ಯವಹಾರದ ಮೇಲೆ ಸರ್ಕಾರದ ಕಣ್ಣು ಇರಲೇಬೇಕು ಅನ್ನುವವನು ಅಮೆರಿಕದ ಲಿಬರಲ್. ಶ್ರೀಮಂತರಿಂದ ತೆರಿಗೆ ಜಾಸ್ತಿ ತೆಗೆದುಕೊಂಡು ವಯಸ್ಸಾದವರ ಪಿಂಚಣಿ, ಬಡವರ ಆಸ್ಪತ್ರೆ ಖರ್ಚು ನೋಡಿಕೊಳ್ಳಿ ಅನ್ನುವವನು.

ನಮ್ಮ ಅರ್ಥಶಾಸ್ತ್ರಜ್ಞರು ಬಳಸಿದ್ದು ಹಳೆಯ ಅರ್ಥವನ್ನು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಲಿಬರಲ್ ಅಂದರೆ ರಾಜನ, ಚರ್ಚಿನ, ಸುಂಕದವರ ಕಾಟದಿಂದ ಬಿಡುಗಡೆ ಬೇಕು ಎಂದವನು. ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಲಿಬರಲ್ ಪಕ್ಷ ಅಂದರೆ ಬಲಪಂಥದ ಕಡೆಗೆ ವಾಲಿದ ಪಕ್ಷ. ಅಮೆರಿಕದಲ್ಲಿ ಮಾತ್ರ ಪದ ಮಗ್ಗುಲು ಬದಲಿಸಿತು. ಕನ್ನಡದ ‘ಉದಾರವಾದಿ’ಯಂತೂ ಇನ್ನೊಂದು ತೊಂದರೆ. ಕೇಳಿದ ತಕ್ಷಣ ಕೈಯೆತ್ತಿ ಕೊಡುವ ಧಾರಾಳಿ ಕಣ್ಣಮುಂದೆ ಬರುತ್ತಾನೆ. ಅದಕ್ಕೇ ನಾನು ಲಿಬರಲ್ ಅಂತಲೇ ಬರೆಯುತ್ತೇನೆ.

ಮಗ್ಗುಲು ಬದಲಾದದ್ದು 1930ರ ದಶಕದಲ್ಲಿ. 1929ರಲ್ಲಿ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಬ್ಯಾಂಕುಗಳು ಬಾಗಿಲು ಹಾಕಿದವು, ಜನರ ಉಳಿತಾಯ ಮುಳುಗಿತು. ಆಗ ಅಧ್ಯಕ್ಷರಾದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ‘ನ್ಯೂ ಡೀಲ್’ ಅಂತ ಅವರು ತಂದದ್ದರಲ್ಲಿ ಬಹಳಷ್ಟು ಇವತ್ತಿಗೂ ನಡೆಯುತ್ತಿದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಸರ್ಕಾರದ ವಿಮೆ ಬಂತು. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಮತ್ತು ಕಾರ್ಮಿಕ ಸಂಘ ಕಟ್ಟುವ ಹಕ್ಕು ಬಂದವು. 1938ರಲ್ಲಿ ಕನಿಷ್ಠ ಕೂಲಿ ಬಂತು, ಗಂಟೆಗೆ 25 ಸೆಂಟು. ನಿಮ್ಮ ಮಗನ ಸಂಬಳದ ಚೀಟಿ ತೆಗೆಸಿ ನೋಡಿ. ಸೋಷಿಯಲ್ ಸೆಕ್ಯುರಿಟಿಗೆ ನೂರಕ್ಕೆ 6.2, ಮೆಡಿಕೇರ್‌ಗೆ 1.45 ಕಳೆದಿರುತ್ತಾರೆ. ಮೊದಲನೆಯದು ರೂಸ್‌ವೆಲ್ಟರ ಗುರುತು. ಎರಡನೆಯದು 65 ದಾಟಿದವರ ಆಸ್ಪತ್ರೆ ಖರ್ಚಿಗಾಗಿ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ತಂದದ್ದು.

ಇದಕ್ಕೆಲ್ಲ ರೂಸ್‌ವೆಲ್ಟ್ ‘ಲಿಬರಲ್’ ಎಂಬ ಹೆಸರನ್ನೇ ಇಟ್ಟುಕೊಂಡರು. ಅವರಿಗೆ ಸೋತಿದ್ದ ಹಿಂದಿನ ಅಧ್ಯಕ್ಷ ಹರ್ಬರ್ಟ್ ಹೂವರ್‌ಗೆ ಸಿಟ್ಟು. ನಿಜವಾದ ಲಿಬರಲ್ ನಾನು, ಇವರು ನನ್ನ ಪದ ಕದ್ದಿದ್ದಾರೆ ಅನ್ನುವುದು ಅವರ ವಾದ. ಹಳೆಯ ಅರ್ಥ ಹಿಡಿದರೆ ಹೂವರ್ ಹೇಳಿದ್ದು ಸುಳ್ಳೇನಲ್ಲ. ಆದರೆ ಗೆದ್ದವರು ರೂಸ್‌ವೆಲ್ಟ್, ಪದವೂ ಅವರ ಮನೆ ಸೇರಿತು. ಅವರ ತರ್ಕ ಸರಳವಾಗಿತ್ತು. ಹೊಟ್ಟೆಗಿಲ್ಲದವನನ್ನು ಸ್ವತಂತ್ರ ಅನ್ನಲು ಆಗುವುದಿಲ್ಲ. ಯಾವ ಕೂಲಿಗಾದರೂ ಒಪ್ಪಿಕೊಳ್ಳಲೇಬೇಕಾದವನಿಗೆ ‘ನಿನಗೆ ಆಯ್ಕೆಯ ಸ್ವಾತಂತ್ರ್ಯ ಇದೆ’ ಅಂದರೆ ಅದು ಗೇಲಿ ಮಾಡಿದಂತೆ. ಈ ತರ್ಕವನ್ನು ಮೊದಲೇ ತಿದ್ದಿ ತೀಡಿದವರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತತ್ವಜ್ಞಾನಿ ಜಾನ್ ಡ್ಯೂಯಿ ಒಬ್ಬರು. 1913ರಿಂದ 1916ರವರೆಗೆ ಅಲ್ಲಿ ಓದಿದ ಅಂಬೇಡ್ಕರ್, ಡ್ಯೂಯಿಯವರ ಪಾಠ ಕೇಳಿದ್ದರು, ಕೊನೆಯವರೆಗೂ ಆ ಗುರುವನ್ನು ನೆನೆಯುತ್ತಿದ್ದರು.

ಇದು ಅರ್ಧ ಕಥೆ ಅಷ್ಟೇ. ಇಷ್ಟಕ್ಕೇ ನಿಲ್ಲಿಸಿದರೆ ‘ಲಿಬರಲ್ ಅಂದರೆ ಎಲ್ಲದಕ್ಕೂ ಸರ್ಕಾರ ಬೇಕು ಅನ್ನುವವನು’ ಅಂತಾಗುತ್ತದೆ. ವಾಕಿಂಗ್ ಗೆಳೆಯರು ತಪ್ಪುವುದು ಇಲ್ಲಿ. ನಾನು ತರಗತಿಯಲ್ಲಿ ಹೀಗೆ ಹೇಳುತ್ತಿದ್ದೆ: ಸರ್ಕಾರ ಯಾವ ಬಾಗಿಲು ತಟ್ಟಬಹುದು, ಯಾವುದು ತಟ್ಟಬಾರದು ಅಂತ ಕೇಳಿ. ಕಾರ್ಖಾನೆಯ ಬಾಗಿಲು, ಬ್ಯಾಂಕಿನ ಬಾಗಿಲು ತಟ್ಟಲಿ ಅನ್ನುತ್ತಾನೆ ಲಿಬರಲ್. ದೇವರ ಮನೆಯ ಬಾಗಿಲು, ಮಲಗುವ ಕೋಣೆಯ ಬಾಗಿಲು, ಪತ್ರಿಕಾ ಕಚೇರಿಯ ಬಾಗಿಲು ಮುಟ್ಟಬೇಡಿ ಅನ್ನುತ್ತಾನೆ. ಗರ್ಭಪಾತ, ಸಲಿಂಗ ಮದುವೆ, ಶಾಲೆಯಲ್ಲಿ ಪ್ರಾರ್ಥನೆ, ಇವುಗಳಲ್ಲಿ ಅವನು ಎಲ್ಲಿ ನಿಲ್ಲುತ್ತಾನೆ ಅನ್ನುವುದು ಇದರಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ಎದುರು ಪಾಳೆಯದ ಕನ್ಸರ್ವೇಟಿವ್‌ಗಳದು, ಅಂದರೆ ಬಲಪಂಥದವರದು, ಬಹುಪಾಲು ಇದರ ಉಲ್ಟಾ ಪಟ್ಟಿ. ಹಾಗಂದರೆ ಅವರು ಒಪ್ಪುವುದಿಲ್ಲ, ‘ಹುಟ್ಟದ ಮಗುವಿನ ಜೀವ ಉಳಿಸುವುದು ಕೋಣೆಯೊಳಗೆ ಇಣುಕಿದಂತೆ ಅಲ್ಲ’ ಅನ್ನುತ್ತಾರೆ. ಆ ಜಗಳ ದೊಡ್ಡದು. 1973ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತ ಸಂವಿಧಾನದ ಹಕ್ಕು ಎಂದಿತು. 2022ರಲ್ಲಿ ಅದೇ ಕೋರ್ಟ್ ಅಲ್ಲ ಎಂದಿತು. ಬಂದೂಕಿನ ವಿಷಯದಲ್ಲಂತೂ ಬಾಗಿಲಿನ ಸೂತ್ರವೇ ಕೈಕೊಡುತ್ತದೆ. ಮನೆಯೊಳಗಿನ ಬಂದೂಕಿಗೂ ಕಾನೂನು ಬೇಕು ಅನ್ನುವವನು ಲಿಬರಲ್, ನನ್ನ ಮನೆ ನನ್ನ ಬಂದೂಕು ಅನ್ನುವವನು ಕನ್ಸರ್ವೇಟಿವ್.

ಎರಡು ಪ್ರಕರಣ ಹೇಳುತ್ತೇನೆ. ಸಿದ್ಧಾಂತಕ್ಕಿಂತ ಇವು ಜಾಸ್ತಿ ತಿಳಿಸುತ್ತವೆ.

ಫ್ಲಾರಿಡಾದಲ್ಲಿ ಕ್ಲಾರೆನ್ಸ್ ಗಿಡಿಯನ್ ಅಂತ ಒಬ್ಬ ಬಡವ. 1961ರಲ್ಲಿ ಬಿಲಿಯರ್ಡ್ಸ್ ಆಡುವ ಅಂಗಡಿಯೊಂದಕ್ಕೆ ನುಗ್ಗಿ ಕಳ್ಳತನ ಮಾಡಿದ ಅಂತ ಆರೋಪ. ವಕೀಲನಿಗೆ ಕೊಡಲು ದುಡ್ಡಿಲ್ಲ, ಒಬ್ಬ ವಕೀಲನನ್ನು ಕೊಡಿ ಎಂದ. ಆ ರಾಜ್ಯದ ಕಾನೂನಿನಲ್ಲಿ ಮರಣದಂಡನೆಯ ಕೇಸಿಗೆ ಮಾತ್ರ ಹಾಗೆ ಕೊಡುತ್ತೇವೆ ಅಂದರು ನ್ಯಾಯಾಧೀಶರು. ತಾನೇ ವಾದ ಮಾಡಿಕೊಂಡು ಸೋತ. ಐದು ವರ್ಷ ಜೈಲು. ಅಲ್ಲಿಂದಲೇ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಒಂಬತ್ತು ನ್ಯಾಯಾಧೀಶರೂ ಅವನ ಪರ ನಿಂತರು. ವಕೀಲನಿಗೆ ಹಣವಿಲ್ಲದವನಿಗೆ ಗಂಭೀರ ಅಪರಾಧದ ಕೇಸಿನಲ್ಲಿ ಸರ್ಕಾರವೇ ವಕೀಲನನ್ನು ಕೊಡಬೇಕು. ಮರುವಿಚಾರಣೆಯಲ್ಲಿ ವಕೀಲರಿದ್ದರು, ಗಿಡಿಯನ್ ಬಿಡುಗಡೆಯಾದ. ಇದು ಅಚ್ಚ ಲಿಬರಲ್ ಗೆಲುವು. ಬಡವನಿಗೆ ಸರ್ಕಾರದ ಖರ್ಚಿನಲ್ಲಿ ಸಹಾಯ ಸಿಕ್ಕಿತು, ಅದೂ ಸರ್ಕಾರದ ವಿರುದ್ಧವೇ ವಾದಿಸಲು!

ಇನ್ನೊಂದು ಸ್ಕೋಕಿ. ಷಿಕಾಗೋ ಪಕ್ಕದ ಊರು. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳು ಅಲ್ಲಿ ಬಹಳ ಮಂದಿ ಇದ್ದರು. 1977ರಲ್ಲಿ ಅಮೆರಿಕದ ನಾಜಿಗಳ ಒಂದು ಚಿಕ್ಕ ಗುಂಪು ಅಲ್ಲೇ ಮೆರವಣಿಗೆ ಮಾಡುತ್ತೇವೆ ಎಂದಿತು. ಊರಿನವರು ತಡೆದರು. ನಾಜಿಗಳ ಪರ ಕೋರ್ಟಿಗೆ ಹೋದವರು ಯಾರು ಗೊತ್ತಾ? 1920ರಲ್ಲಿ ಶುರುವಾದ ಎಸಿಎಲ್‌ಯು, ಅಂದರೆ ದೇಶದ ದೊಡ್ಡ ಲಿಬರಲ್ ಹಕ್ಕುಗಳ ಸಂಸ್ಥೆ. ಇವತ್ತು ನಾಜಿಗಳ ಬಾಯಿ ಮುಚ್ಚಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ನಾಳೆ ಕರಿಯರ ಮೆರವಣಿಗೆಗೂ ಅದೇ ಬೀಗ ಬೀಳುತ್ತದೆ ಅನ್ನುವುದು ಅವರ ನಿಲುವು. ಸಾವಿರಾರು ಸದಸ್ಯರು ಸಿಟ್ಟಿನಿಂದ ಸಂಸ್ಥೆ ಬಿಟ್ಟರು. ಕೋರ್ಟಿನಲ್ಲಿ ಗೆಲುವು ಸಿಕ್ಕರೂ ನಾಜಿಗಳು ಕೊನೆಗೆ ಸ್ಕೋಕಿಗೆ ಬರಲೇ ಇಲ್ಲ, ಷಿಕಾಗೋದಲ್ಲಿ ಸಭೆ ಮಾಡಿ ಸುಮ್ಮನಾದರು. ಇವತ್ತಿನ ಯುವ ಲಿಬರಲ್‌ಗಳಲ್ಲಿ ಹಲವರು ಆ ಕೇಸನ್ನು ಹಿಡಿಯುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ದ್ವೇಷದ ಮಾತಿಗೆ ಜಾಗವೇ ಕೊಡಬಾರದು ಅನ್ನುವ ದನಿ ಈಗ ಜೋರಾಗಿದೆ. ನಾನು ಹಳೆಯ ಕಾಲದವನು, ಎಸಿಎಲ್‌ಯು ಮಾಡಿದ್ದು ಸರಿ ಅನ್ನುತ್ತೇನೆ.

ಇನ್ನು ಚರ್ಮದ ಬಣ್ಣದ ಪ್ರಶ್ನೆ. ರೂಸ್‌ವೆಲ್ಟರ ಕಾಲದಲ್ಲಿ ಅವರ ಡೆಮಾಕ್ರಟಿಕ್ ಪಕ್ಷದ ಒಂದು ಕಾಲು ದಕ್ಷಿಣದ ರಾಜ್ಯಗಳಲ್ಲಿತ್ತು. ಅಲ್ಲಿನ ಬಿಳಿಯ ನಾಯಕರು ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಬಸ್ ಸೀಟು ಅನ್ನುವವರು. 1935ರ ಪಿಂಚಣಿ ಕಾನೂನಿನಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದಕ್ಷಿಣದ ಕರಿಯರಲ್ಲಿ ಹೆಚ್ಚಿನವರು ಅದೇ ಕೆಲಸದಲ್ಲಿದ್ದರು. ಲಿಬರಲ್‌ಗಳ ದೊಡ್ಡ ಸಾಧನೆಯ ಮೇಲಿನ ಈ ಕಲೆ ಹೋಗಲು ಕಾಲ ಹಿಡಿಯಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನದ ಹಕ್ಕಿನ ಕಾಯ್ದೆ ಬಂದದ್ದು ಜಾನ್ಸನ್ ಕಾಲದಲ್ಲಿ. ಒಂದು ಮಾತು ಗಮನಿಸಿ. 1964ರಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎದುರು ಪಕ್ಷದ 33 ರಿಪಬ್ಲಿಕನ್ನರಲ್ಲಿ 27 ಜನ ಕಾಯ್ದೆಯ ಪರ ಮತ ಹಾಕಿದರು, 67 ಡೆಮಾಕ್ರಟರಲ್ಲಿ 46 ಜನ. ಅಂದರೆ ಆಗ ಲಿಬರಲ್ ಅಂದರೆ ಡೆಮಾಕ್ರಟ್ ಎಂದೇನೂ ಇರಲಿಲ್ಲ. ನ್ಯೂಯಾರ್ಕಿನ ನೆಲ್ಸನ್ ರಾಕೆಫೆಲರ್‌ರಂಥ ಲಿಬರಲ್ ರಿಪಬ್ಲಿಕನ್ನರೂ ಇದ್ದರು. ಆ ಜಾತಿ ಈಗ ಅಳಿದೇಹೋಗಿದೆ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಕಾಯ್ದೆಯ ವಿರುದ್ಧ ಮತ ಹಾಕಿದ್ದ ರಿಪಬ್ಲಿಕನ್ ಬ್ಯಾರಿ ಗೋಲ್ಡ್‌ವಾಟರ್ ದೇಶದಲ್ಲೆಲ್ಲ ನೆಲಕಚ್ಚಿದರು. ಗೆದ್ದದ್ದು ತಮ್ಮ ಆರಿಜೋನಾ ಮತ್ತು ದಕ್ಷಿಣದ ಐದು ರಾಜ್ಯ. ಆ ಐದು ರಾಜ್ಯಗಳೇ ಮುಂದಿನ ಕಥೆ ಹೇಳಿದವು. ದಕ್ಷಿಣದ ಬಿಳಿಯರು ನಿಧಾನಕ್ಕೆ ರಿಪಬ್ಲಿಕನ್ ಪಕ್ಷಕ್ಕೆ ಹೊರಟರು. ಲಿಬರಲ್‌ಗಳೆಲ್ಲ ಡೆಮಾಕ್ರಟಿಕ್ ಮನೆಯಲ್ಲಿ ಉಳಿದರು.

ಅದೇ 1965ರಲ್ಲಿ ಇನ್ನೊಂದು ಕಾನೂನು ಬಂತು. ಅದು ನಿಮ್ಮ ಮನೆಯ ಕಥೆ. ಅದಕ್ಕೂ ಮೊದಲು ಭಾರತದಿಂದ ವಲಸೆ ಬರುವವರಿಗೆ ಇದ್ದ ಕೋಟಾ ವರ್ಷಕ್ಕೆ 100. ಹೌದು, ನೂರೇ. ಯಾವ ದೇಶದಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ಹಂಚುತ್ತಿದ್ದ ಆ ಕೋಟಾಗಳನ್ನು ಜಾನ್ಸನ್ ಸಹಿ ಮಾಡಿದ ವಲಸೆ ಕಾಯ್ದೆ ಕಿತ್ತುಹಾಕಿತು. ಕುಶಲ ಕೆಲಸದವರಿಗೆ, ಕುಟುಂಬದವರಿಗೆ ಬಾಗಿಲು ತೆರೆಯಿತು. ಡಾಕ್ಟರುಗಳು, ಎಂಜಿನಿಯರುಗಳು ಹೋದರು. ಅಮೆರಿಕದ ಊರೂರಲ್ಲಿ ಕನ್ನಡ ಕೂಟಗಳು ಹುಟ್ಟಿದ್ದು ಇದಾದ ಮೇಲೆ. ನಿಮ್ಮ ಮಗ ‘ನಾನು ಲಿಬರಲ್’ ಅನ್ನುವಾಗ ಮನಸ್ಸಿನ ಮೂಲೆಯಲ್ಲಿ ಇದೂ ಇರಬಹುದು. ಎಚ್-1ಬಿ ವೀಸಾದವರ ಹೆಂಡತಿ ಅಥವಾ ಗಂಡಂದಿರಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದ ಬಹಳ ಮಂದಿಗೆ ಕೆಲಸ ಮಾಡಲು ಅವಕಾಶ ಸಿಕ್ಕಿದ್ದೂ 2015ರಲ್ಲಿ, ಒಬಾಮಾ ಕಾಲದಲ್ಲಿ. ಹಾಗಂತ ಎಡಗಡೆಯವರೆಲ್ಲ ಎಚ್-1ಬಿಯ ಅಭಿಮಾನಿಗಳಲ್ಲ. ಕಂಪನಿಗಳು ಅಗ್ಗದ ಕೂಲಿಗೆ ಅದನ್ನು ಬಳಸುತ್ತವೆ ಅಂತ ಎಡಪಂಥದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಎಷ್ಟೋ ವರ್ಷದಿಂದ ಬಯ್ಯುತ್ತಿದ್ದಾರೆ.

ಈಗ ಕಮ್ಯುನಿಸ್ಟು ಅನ್ನುವ ಮಾತು. 1947ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲೀನರ್ ರೂಸ್‌ವೆಲ್ಟ್, ಮುಂದೆ ಉಪಾಧ್ಯಕ್ಷರಾದ ಹ್ಯೂಬರ್ಟ್ ಹಂಫ್ರಿ, ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್ ಮೊದಲಾದವರು ಸೇರಿ ಲಿಬರಲ್‌ಗಳ ಒಂದು ಸಂಘ ಕಟ್ಟಿದರು. ಕಮ್ಯುನಿಸ್ಟರಿಗೆ ಇಲ್ಲಿ ಜಾಗವಿಲ್ಲ ಅಂತ ಮೊದಲೇ ಹೇಳಿಬಿಟ್ಟರು. ಈ ಗಾಲ್‌ಬ್ರೈತ್ ಮುಂದೆ ನೆಹರೂ ಕಾಲದಲ್ಲಿ ದೆಹಲಿಯಲ್ಲಿ ರಾಯಭಾರಿಯಾಗಿದ್ದವರು. ಸೋವಿಯತ್ ರಷ್ಯಾ ವಿರುದ್ಧ ಶೀತಲ ಸಮರ ಶುರುವಿಟ್ಟುಕೊಂಡದ್ದು ಅಧ್ಯಕ್ಷ ಟ್ರೂಮನ್, ವಿಯೆಟ್ನಾಂಗೆ ಲಕ್ಷಗಟ್ಟಲೆ ಸೈನಿಕರನ್ನು ಕಳಿಸಿದ್ದು ಜಾನ್ಸನ್. ಇಬ್ಬರೂ ಲಿಬರಲ್‌ಗಳೇ. ಫ್ರೀಮಾಂಟ್‌ನ ಒಂದು ಭಾಗವನ್ನು ಸಂಸತ್ತಿನಲ್ಲಿ ಪ್ರತಿನಿಧಿಸುತ್ತ ಬಂದ ರೋ ಖನ್ನಾ ತಮ್ಮನ್ನು ಪ್ರಗತಿಪರ ಬಂಡವಾಳಶಾಹಿ ಎಂದೇ ಕರೆದುಕೊಳ್ಳುತ್ತಾರೆ. ಹಾಗಾಗಿ ಮಗ ಷೇರು ಕೊಳ್ಳುವುದರಲ್ಲಿ ವಿಚಿತ್ರ ಏನೂ ಇಲ್ಲ. ಲಿಬರಲ್‌ಗೆ ಮಾರುಕಟ್ಟೆ ಬೇಕು. ಆದರೆ ಮೂಗುದಾರ ಹಾಕಿದ ಮಾರುಕಟ್ಟೆ ಬೇಕು. ಅಂದಹಾಗೆ ಅಲ್ಲಿ ಕೆಂಪು ಬಣ್ಣ ರಿಪಬ್ಲಿಕನ್ನರದು, ನೀಲಿ ಡೆಮಾಕ್ರಟರದು. 2000ದ ಚುನಾವಣೆಯ ಟೀವಿ ನಕಾಶೆಗಳಿಂದ ಗಟ್ಟಿಯಾದ ಅಭ್ಯಾಸ. ‘ಕೆಂಪು ರಾಜ್ಯ’ ಅಂದ ತಕ್ಷಣ ನಮ್ಮವರು ತಪ್ಪು ತಿಳಿಯುವುದು ನೋಡಿ ನನಗೆ ಎಷ್ಟೋ ಸಲ ನಗು ಬಂದಿದೆ.

ದೇವರ ಮಾತು ಬೇಗ ಮುಗಿಸುತ್ತೇನೆ. ಮಾರ್ಟಿನ್ ಲೂಥರ್ ಕಿಂಗ್ ಚರ್ಚಿನ ಪಾದ್ರಿ. ಜಿಮ್ಮಿ ಕಾರ್ಟರ್ ಮುಪ್ಪಿನಲ್ಲೂ ಭಾನುವಾರ ಬೈಬಲ್ ಪಾಠ ಹೇಳುತ್ತಿದ್ದವರು. ಬೈಡನ್ ಕ್ಯಾಥೊಲಿಕ್. ದೇವರನ್ನು ನಂಬದವರು ಲಿಬರಲ್‌ಗಳಲ್ಲಿ ಜಾಸ್ತಿ ಇದ್ದಾರೆ, ನಿಜ. ಆದರೆ ಅವರ ಪಟ್ಟು ಇಷ್ಟೇ: ಸರ್ಕಾರಿ ಶಾಲೆಯಲ್ಲಿ ಸರ್ಕಾರವೇ ಪ್ರಾರ್ಥನೆ ಹೇಳಿಸಬಾರದು. 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಯಾರ ಪ್ರಾರ್ಥನೆ ಹೇಳಿಸುತ್ತಿದ್ದರು ಅಂತ ಯೋಚಿಸಿ. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗುವ ಮನೆಯ ಮಗುವಿಗೆ ಈ ತೀರ್ಪಿನಿಂದ ಲಾಭವೇ ಅಲ್ವಾ?

ಇಷ್ಟೆಲ್ಲ ಇದ್ದೂ ಆ ಪದ ಅಮೆರಿಕದಲ್ಲೇ ಬೈಗುಳ ಹೇಗಾಯಿತು? 1960ರಲ್ಲಿ ಕೆನಡಿ ನ್ಯೂಯಾರ್ಕಿನ ಸಭೆಯೊಂದರಲ್ಲಿ, ಜನರ ಆರೋಗ್ಯ, ಮನೆ, ಶಾಲೆ, ಕೆಲಸದ ಬಗ್ಗೆ ಕಾಳಜಿ ಇರುವವನೇ ಲಿಬರಲ್ ಆದರೆ ನಾನು ಹೆಮ್ಮೆಯಿಂದ ಲಿಬರಲ್ ಎಂದಿದ್ದರು. 28 ವರ್ಷ ಕಳೆಯಿತು. 1988ರಲ್ಲಿ ಅದೇ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಆ ಪದದಿಂದ ತಿಂಗಳುಗಟ್ಟಲೆ ತಪ್ಪಿಸಿಕೊಂಡು ಓಡಾಡಿದರು. ಎದುರಾಳಿ ಜಾರ್ಜ್ ಬುಷ್ ಕಡೆಯವರು ‘ಎಲ್ ಅಕ್ಷರದ ಪದ’ ಅಂತ, ಬಾಯಲ್ಲಿ ಆಡಬಾರದ ಮಾತಿನ ಹಾಗೆ, ಗೇಲಿ ಮಾಡಿದರು. ಮಧ್ಯದಲ್ಲಿ ಆದದ್ದು ವಿಯೆಟ್ನಾಂ, ನಗರಗಳಲ್ಲಿ ಗಲಭೆ, ಏರಿದ ಅಪರಾಧ, 1970ರ ದಶಕದ ಬೆಲೆಯೇರಿಕೆ, ಆಮೇಲೆ ಬಲಪಂಥದ ಅಧ್ಯಕ್ಷ ರೇಗನ್. ಎಲ್ಲದರ ಹೊಣೆಯೂ ಲಿಬರಲ್ ತಲೆಗೆ ಬಂತು. ಕೆಲವು ನ್ಯಾಯವಾಗಿ, ಕೆಲವು ಸುಮ್ನೆ. ಚುನಾವಣೆಗೆ ಇನ್ನೇನು ದಿನಗಳಿದ್ದಾಗ ಡುಕಾಕಿಸ್ ‘ಹೌದು, ನಾನು ರೂಸ್‌ವೆಲ್ಟ್, ಟ್ರೂಮನ್, ಕೆನಡಿ ಪರಂಪರೆಯ ಲಿಬರಲ್’ ಎಂದರು. ತಡವಾಗಿತ್ತು. 40 ರಾಜ್ಯ ಸೋತರು. ಬಿಲ್ ಕ್ಲಿಂಟನ್ ಪಾಠ ಕಲಿತು ನಡುಹಾದಿ ಹಿಡಿದರು, ದೊಡ್ಡ ಸರ್ಕಾರದ ಕಾಲ ಮುಗಿಯಿತು ಅಂತ 1996ರಲ್ಲಿ ಅವರೇ ಘೋಷಿಸಿದರು.

ಡುಕಾಕಿಸ್ ಗೆದ್ದ ಹತ್ತು ರಾಜ್ಯಗಳಲ್ಲಿ ಒಂದು ವೆಸ್ಟ್ ವರ್ಜೀನಿಯಾ. ಕಲ್ಲಿದ್ದಲು ಗಣಿಗಳ, ಕಾರ್ಮಿಕ ಸಂಘಗಳ ರಾಜ್ಯ. ಈಗ ಅಲ್ಲಿ ಟ್ರಂಪ್‌ಗೆ ನೂರಕ್ಕೆ ಎಪ್ಪತ್ತರ ಹತ್ತಿರ ಮತ ಬೀಳುತ್ತದೆ. ನನಗೆ ಕೇಳಿದರೆ ಲಿಬರಲ್‌ಗಳು ತಲೆ ಕೆಡಿಸಿಕೊಳ್ಳಬೇಕಾದದ್ದು ಈ ಒಂದು ರಾಜ್ಯದ ಬಗ್ಗೆ. ಅವರ ಪಕ್ಷ ಹುಟ್ಟುಹಾಕಿದ ಪಿಂಚಣಿ, ಕೂಲಿ, ಆಸ್ಪತ್ರೆ ಕಾನೂನುಗಳಿಂದ ಬದುಕಿದ ಜನ ಅವರು. ಈಗ ಲಿಬರಲ್ ಅಂದರೆ ಕಾಲೇಜು ಓದಿದ, ಊರಿನ ಮಾತನ್ನು ಕೀಳಾಗಿ ಕಾಣುವ ನಗರದವನು ಅಂತ ಅವರಿಗೆ ಕಾಣುತ್ತದೆ. 2010ರ ಒಬಾಮಾ ಆರೋಗ್ಯ ಕಾಯ್ದೆ ಹಳೆಯ ಕಾಯಿಲೆ ಇದೆ ಅಂತ ವಿಮೆ ನಿರಾಕರಿಸುವುದನ್ನು ನಿಲ್ಲಿಸಿತು. 26 ವರ್ಷದವರೆಗೆ ಮಕ್ಕಳು ಅಪ್ಪ ಅಮ್ಮನ ವಿಮೆಯಲ್ಲೇ ಇರಬಹುದು ಎಂದಿತು. ಆ ಲಾಭ ಗಣಿಯ ಊರುಗಳಿಗೂ ಹೋಯಿತು, ಮತ ಮಾತ್ರ ವಾಪಸ್ ಬರಲಿಲ್ಲ.

ಈಗ ಅಮೆರಿಕದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ತಮ್ಮನ್ನು ಲಿಬರಲ್ ಅಂದುಕೊಳ್ಳುತ್ತಾರೆ. ಡೆಮಾಕ್ರಟರಲ್ಲಿ ಅರ್ಧಕ್ಕಿಂತ ಹೆಚ್ಚು. ಬೈಗುಳಕ್ಕೆ ಹೆದರಿದ ಹಲವರು ‘ಪ್ರೊಗ್ರೆಸಿವ್’ ಅನ್ನುತ್ತಾರೆ. ಕೆಲವರಿಗೆ ಅದು ಬರೀ ಹೊಸ ಅಂಗಿ. ಇನ್ನು ಕೆಲವರಿಗೆ ನಿಜವಾಗಿಯೂ ಲಿಬರಲ್‌ಗಿಂತ ಒಂದು ಹೆಜ್ಜೆ ಎಡಕ್ಕೆ. ಸ್ಯಾಂಡರ್ಸ್‌ರಂಥವರು ಡೆಮಾಕ್ರಟಿಕ್ ಸೋಷಿಯಲಿಸ್ಟ್ ಅನ್ನುತ್ತಾರೆ. ಈ ಗುಂಪಿನವರ ಕಣ್ಣಿಗೆ ಲಿಬರಲ್ ಅಂದರೆ ಅರೆಮನಸ್ಸಿನವನು, ಕಂಪನಿಗಳ ಜೊತೆ ರಾಜಿಯಾದವನು. ಬಲದಿಂದಲೂ ಬೈಗುಳ, ಎಡದಿಂದಲೂ ಬೈಗುಳ. ನಡುವೆ ನಿಮ್ಮ ಮಗ!

ಅವನ ರಾಜ್ಯದಲ್ಲಂತೂ ಲಿಬರಲ್‌ಗಳ ಜಗಳ ಅವರವರ ಒಳಗೇ. 2020ರಲ್ಲಿ ಕ್ಯಾಲಿಫೋರ್ನಿಯಾದವರು ನೂರಕ್ಕೆ 63ರಷ್ಟು ಮತ ಬೈಡನ್‌ಗೆ ಹಾಕಿದರು. ಅದೇ ದಿನ, ಕಾಲೇಜು ಸೀಟಿಗೂ ಸರ್ಕಾರಿ ಕೆಲಸಕ್ಕೂ ಜನಾಂಗವನ್ನು ಪರಿಗಣಿಸುವ ಪದ್ಧತಿ ವಾಪಸ್ ತರೋಣವಾ ಅಂತ ಕೇಳಿದ್ದಕ್ಕೆ ನೂರಕ್ಕೆ 57 ಜನ ಬೇಡ ಎಂದರು. ಮೀಸಲಾತಿಯ ವಾದ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. 2023ರಲ್ಲಿ ಜಾತಿ ತಾರತಮ್ಯವನ್ನು ಕಾನೂನಿನಲ್ಲಿ ಹೆಸರಿಟ್ಟು ನಿಷೇಧಿಸುವ ಮಸೂದೆ ಬಂತು. ತಂದವರು ಫ್ರೀಮಾಂಟ್ ಭಾಗದ ರಾಜ್ಯ ಸೆನೆಟರ್ ಆಯಿಷಾ ವಹಾಬ್, ಡೆಮಾಕ್ರಟ್. ತಡೆದವರು ಗವರ್ನರ್ ಗ್ಯಾವಿನ್ ನ್ಯೂಸಮ್, ಅವರೂ ಡೆಮಾಕ್ರಟ್. ಈಗಿರುವ ಕಾನೂನೇ ಸಾಕು ಎಂದರು. ಅದೇ ವರ್ಷ ಸಿಯಾಟಲ್ ನಗರ ಅಂಥದೇ ನಿಷೇಧ ತಂದಿತ್ತು.

ಮನೆಗಳ ವಿಷಯ ಇನ್ನೂ ಸ್ವಾರಸ್ಯ. ಅದೇ ರಾಜ್ಯದ ಬರ್ಕ್ಲಿ ಊರು ಅಂದರೆ ಲಿಬರಲ್‌ಗಳ ಕಾಶಿ. ಒಂದು ಸೈಟಿನಲ್ಲಿ ಒಂದೇ ಕುಟುಂಬದ ಮನೆ ಇರಬೇಕು ಅನ್ನುವ ನಿಯಮ ಅಲ್ಲಿ 1916ರಲ್ಲೇ ಬಂದಿತ್ತು. ಕರಿಯರನ್ನೂ ಚೀನೀಯರನ್ನೂ ಹೊರಗಿಡಲು ಅಂತ ಹೇಳಬೇಕಾಗಿಲ್ಲ. ಒಂದು ಸೈಟಿನಲ್ಲಿ ಎರಡು ಮನೆ ಕಟ್ಟಲು ರಾಜ್ಯವೇ ಕಾನೂನು ಮಾಡುವ ಹೊತ್ತಿಗೆ 2021 ಬಂದಿತ್ತು. ಅಂಗಳದಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ಬೋರ್ಡು ನೆಟ್ಟವರೇ ಮುನಿಸಿಪಲ್ ಸಭೆಗೆ ಹೋಗಿ ಅಪಾರ್ಟ್‌ಮೆಂಟ್ ಬೇಡ ಅನ್ನುತ್ತಾರೆ. ನೆರಳು ಬೀಳುತ್ತದೆ, ಪಾರ್ಕಿಂಗ್ ಸಿಗುವುದಿಲ್ಲ, ಊರಿನ ಚೆಂದ ಕೆಡುತ್ತದೆ. ಆಳದಲ್ಲಿ ಇರುವುದು ಮನೆಯ ಬೆಲೆ ಇಳಿದೀತೆಂಬ ಭಯ. ಶಾಲೆಯ ಟೀಚರು, ನರ್ಸು ಎರಡು ಗಂಟೆ ದೂರದ ಊರಿನಿಂದ ಕಾರಿನಲ್ಲಿ ಬರುತ್ತಾರೆ.

ಆದ್ದರಿಂದ ಮೇಷ್ಟ್ರೇ, ಮುಂದಿನ ಭಾನುವಾರ ಮಗ ಫೋನ್ ಮಾಡಿದಾಗ ‘ನೀನು ಕಮ್ಯುನಿಸ್ಟಾ’ ಅಂತ ಕೇಳಬೇಡಿ. ‘ನಿನ್ನ ಮನೆ ಪಕ್ಕದ ಖಾಲಿ ಜಾಗದಲ್ಲಿ ನಾಲ್ಕು ಮಹಡಿಯ ಬಾಡಿಗೆ ಮನೆ ಕಟ್ಟುತ್ತೇವೆ ಅಂತ ನೋಟಿಸ್ ಬಂದರೆ, ಬೀದಿಯವರ ವಿರೋಧದ ಅರ್ಜಿಗೆ ಸಹಿ ಹಾಕುತ್ತೀಯಾ ಮಗನೇ’ ಅಂತ ಕೇಳಿ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ ಅಂದರೆ ಗಾಬರಿಯಾಗಬೇಡಿ. ಲೈನ್ ಕಟ್ ಆಗಿರುವುದಿಲ್ಲ.